ಇಳಿದದ್ದು ತೂಕವೋ, ಕೊಬ್ಬೋ?

ಎಲ್ಲರಿಗೂ ನಮಸ್ಕಾರ. ಈಗ ರೇಡಿಯೋ ಕೇಳುತ್ತಿರುವವರಲ್ಲಿ ಒಂದಷ್ಟು ಜನ ಬೆಳಿಗ್ಗೆ ಎದ್ದ ತಕ್ಷಣ ತೂಕದ ಮಷಿನ್ ಹತ್ತಿ ಇಳಿದವರೇ ಇರುತ್ತೀರಿ. ಅರ್ಧ ಕಿಲೋ ಇಳಿದಿದ್ದರೆ ದಿನವೆಲ್ಲ ಖುಷಿ. ಅರ್ಧ ಕಿಲೋ ಏರಿದ್ದರೆ ಮನೆಮಂದಿ ಮೇಲೆಲ್ಲ ಸಿಡಿಮಿಡಿ. ಇವತ್ತು ನಾನು ಮಾತಾಡುವುದು ನಿಮ್ಮ ಜೊತೆಗೇ.

ಎಷ್ಟು ಇಳಿಯಿತು ಅಂತ ಎಲ್ಲರೂ ಕೇಳುತ್ತಾರೆ. ಇಳಿದದ್ದು ಏನು ಅಂತ ಯಾರೂ ಕೇಳುವುದಿಲ್ಲ. ನಾನು ಇವತ್ತು ಇದೊಂದನ್ನೇ ಕೇಳುತ್ತಾ ಇರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಳಿದದ್ದು ಏನು?

ನಿಮ್ಮ ಮೈಯಲ್ಲಿ ಕೊಬ್ಬಿದೆ, ಸ್ನಾಯು ಇದೆ, ಮೂಳೆ ಇದೆ, ನೀರಿದೆ, ನಿನ್ನೆ ರಾತ್ರಿಯ ಊಟವೂ ಇನ್ನೂ ಒಳಗೇ ಇದೆ. ಮಷಿನ್ ಇದನ್ನೆಲ್ಲ ಕೂಡಿಸಿ ಒಂದು ಅಂಕಿ ತೋರಿಸುತ್ತದೆ, ಅಷ್ಟೇ. ಅರ್ಧ ಲೀಟರ್ ನೀರು ಕುಡಿದು ಮತ್ತೆ ಹತ್ತಿ ನೋಡಿ, ಅರ್ಧ ಕಿಲೋ ಜಾಸ್ತಿ ತೋರಿಸುತ್ತದೆ. ದಪ್ಪ ಆದಿರಾ? ಇಲ್ಲ ತಾನೆ? ಉಪ್ಪು ಜಾಸ್ತಿ ತಿಂದ ಮಾರನೇ ದಿನ ಮೈ ನೀರು ಹಿಡಿದುಕೊಳ್ಳುತ್ತದೆ, ಹೆಂಗಸರಿಗೆ ಮುಟ್ಟಿನ ಮುಂಚೆ ಎಷ್ಟೋ ಸಲ ಹೀಗಾಗುತ್ತದೆ. ಒಂದೆರಡು ಕಿಲೋ ಹೀಗೆ ಹತ್ತಿ ಇಳಿಯುವುದು ಮಾಮೂಲು. ಅದಕ್ಕೂ ಕೊಬ್ಬಿಗೂ ಸಂಬಂಧವೇ ಇಲ್ಲ.

ಡಯಟ್ ಶುರು ಮಾಡಿದ ಮೊದಲ ವಾರದ ಕಥೆ ಇನ್ನೂ ಮಜವಾಗಿದೆ. ನಾಲ್ಕೇ ದಿನದಲ್ಲಿ ಎರಡು ಕಿಲೋ ಇಳಿದೆ ಅಂತ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಲೆಕ್ಕ ಹಾಕೋಣ. ಒಂದು ಕಿಲೋ ಮೈಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಎರಡು ಕಿಲೋಗೆ 15,400. ದಿನಕ್ಕೆ 2,000 ಕ್ಯಾಲೊರಿ ಖರ್ಚು ಮಾಡುವ ಮನುಷ್ಯ ನಾಲ್ಕು ದಿನ ಪೂರ್ತಿ ಉಪವಾಸ ಬಿದ್ದರೂ 8,000 ದಾಟುವುದಿಲ್ಲ. ಹಾಗಾದರೆ ಇಳಿದದ್ದು ಏನು? ಹೆಚ್ಚಿನ ಪಾಲು ನೀರು. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆ ದಾಸ್ತಾನು ಇರುತ್ತದೆ, ಒಟ್ಟು ಅರ್ಧ ಕಿಲೋ ಹತ್ತಿರ. ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಆದಾಗ ಆ ದಾಸ್ತಾನು ಮೊದಲು ಖಾಲಿ, ಅದರ ಜೊತೆಗೆ ನೀರೂ ಖಾಲಿ. ನೆಟ್ಟಗೆ ಎರಡು ದಿನ ಊಟ ಮಾಡಿದರೆ ಎಲ್ಲ ವಾಪಸ್ಸು. ಆಮೇಲೆ ಡಯಟ್ ಕೆಲಸ ಮಾಡಲ್ಲ ಅಂತ ಬೈಯುವುದು!

ನೀರು ಹೋದರೆ ಹೋಗಲಿ, ಬರುತ್ತದೆ. ನನಗೆ ಹೊಟ್ಟೆ ಉರಿಯುವುದು ಸ್ನಾಯು ಹೋದಾಗ. 80 ಕಿಲೋ ತೂಕದ ಇಬ್ಬರನ್ನು ತೆಗೆದುಕೊಳ್ಳಿ. ಇಬ್ಬರಿಗೂ 30 ಪರ್ಸೆಂಟ್ ಕೊಬ್ಬು, ಅಂದರೆ 24 ಕಿಲೋ ಕೊಬ್ಬು, ಉಳಿದದ್ದು 56 ಕಿಲೋ. ಇಬ್ಬರೂ 74ಕ್ಕೆ ಇಳಿದರು. ಮೊದಲನೆಯವರು ತೂಕ ಎತ್ತುವ ವ್ಯಾಯಾಮ ಮಾಡಿ, ಪ್ರೋಟೀನ್ ಸರಿಯಾಗಿ ತಿಂದು ಇಳಿದರು. ಅವರ ಕೊಬ್ಬು ಈಗ 25 ಪರ್ಸೆಂಟ್, ಅಂದರೆ 18.5 ಕಿಲೋ. ಹೋದದ್ದು ಐದೂವರೆ ಕಿಲೋ ಕೊಬ್ಬು. ಎರಡನೆಯವರು ಸುಮ್ನೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಇಳಿದರು. ಅವರಲ್ಲಿ ಕೊಬ್ಬು 21 ಕಿಲೋ ಹಾಗೇ ಕೂತಿದೆ. ಕೊಬ್ಬು ಮೂರು ಕಿಲೋ ಹೋಗಿದೆ, ಸ್ನಾಯು ಮತ್ತು ಇತರೆ ಮೂರು ಕಿಲೋ ಹೋಗಿದೆ. ಮಷಿನ್ ಇಬ್ಬರಿಗೂ ಅದೇ 74 ತೋರಿಸುತ್ತದೆ, ಇಬ್ಬರಿಗೂ ಭೇಷ್ ಅನ್ನುತ್ತದೆ. ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ ಯಾರು ಏನು ಕಳೆದುಕೊಂಡರು ಅಂತ. ಊಟದಿಂದ ಬಂದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಜಾಗವೂ ಸ್ನಾಯುವೇ. ಅದನ್ನೇ ಕರಗಿಸಿಕೊಂಡು ಸಣ್ಣ ಆದೆ ಅಂತ ಹಿಗ್ಗುವುದರಲ್ಲಿ ಏನರ್ಥ?

ಈಗ ನನಗೆ ತುಂಬ ಇಷ್ಟವಾದ ಒಂದು ಪ್ರಸಂಗ ಹೇಳಬೇಕು. ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ನೌಕಾಪಡೆಯಲ್ಲಿ ಆಲ್ಬರ್ಟ್ ಬೆಂಕೆ ಅಂತ ಒಬ್ಬ ಡಾಕ್ಟರಿದ್ದರು. ಸಮುದ್ರದ ಆಳಕ್ಕೆ ಇಳಿಯುವ ಮುಳುಗುಗಾರರ ಆರೋಗ್ಯ ಅವರ ವಿಷಯ. ಆಳದಿಂದ ಬೇಗ ಮೇಲೆ ಬಂದರೆ ಮೈಯಲ್ಲಿ ಕರಗಿದ್ದ ನೈಟ್ರೋಜನ್ ಗುಳ್ಳೆಗಳಾಗಿ ಏಳುತ್ತದೆ. ಕೀಲು ನೋವು, ಲಕ್ವ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಈ ನೈಟ್ರೋಜನ್ ನೀರಿಗಿಂತ ಕೊಬ್ಬಿನಲ್ಲಿ ಸುಮಾರು 5 ಪಟ್ಟು ಜಾಸ್ತಿ ಕರಗುತ್ತದೆ. ಹಾಗಾಗಿ ಒಬ್ಬ ಮುಳುಗುಗಾರನ ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ ತಿಳಿಯುವುದು ಬೆಂಕೆಯವರಿಗೆ ಜೀವ ಉಳಿಸುವ ಪ್ರಶ್ನೆಯಾಗಿತ್ತು.

ತಿಳಿಯುವುದು ಹೇಗೆ? ಮನುಷ್ಯನನ್ನು ಕೊಯ್ದು ನೋಡುವ ಹಾಗಿಲ್ಲ. ಅವರು ಹಿಡಿದ ದಾರಿ ನೀರಿನದು. ಒಂದು ಲೀಟರ್ ಕೊಬ್ಬು ಸುಮಾರು 0.9 ಕಿಲೋ ತೂಗುತ್ತದೆ, ನೀರಿಗಿಂತ ಹಗುರ. ಕೊಬ್ಬಲ್ಲದ ಭಾಗ, ಸ್ನಾಯು ಮೂಳೆ ಎಲ್ಲ ಸೇರಿ, ಲೀಟರಿಗೆ ಸುಮಾರು 1.1 ಕಿಲೋ, ನೀರಿಗಿಂತ ಭಾರ. ಅಂದ ಮೇಲೆ ಮನುಷ್ಯನನ್ನು ನೀರಿನೊಳಗೆ ತೂಗಿದರೆ ಆಯಿತಲ್ಲ!

ಅದು ಹೇಗಿರುತ್ತದೆ ಅಂತ ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಎದೆಮಟ್ಟ ನೀರಿನ ತೊಟ್ಟಿ. ಮೇಲಿನಿಂದ ಸರಪಳಿಯಲ್ಲಿ ಇಳಿಬಿಟ್ಟ ಒಂದು ಕುರ್ಚಿ, ಸರಪಳಿಯ ಮೇಲ್ತುದಿಗೆ ತಕ್ಕಡಿ. ಆ ಕುರ್ಚಿಯಲ್ಲಿ ಕೂತು, ಎದೆಯಲ್ಲಿರುವ ಗಾಳಿಯನ್ನೆಲ್ಲ ಹೊರಗೆ ಊದಬೇಕು. ಇನ್ನು ಇಲ್ಲ ಅನ್ನಿಸಿದ ಮೇಲೂ ಇನ್ನೊಂದಿಷ್ಟು ಊದಬೇಕು. ಆಮೇಲೆ ಮುಂದಕ್ಕೆ ಬಾಗಿ ತಲೆ ಮುಳುಗಿಸಿ ಅಲ್ಲಾಡದೆ ಕೂರಬೇಕು, ತಕ್ಕಡಿಯ ಮುಳ್ಳು ಓಲಾಡುವುದು ನಿಲ್ಲುವ ತನಕ. ಎದ್ದು ಉಸಿರೆಳೆದುಕೊಂಡು ಮತ್ತೆ ಅದೇ, ಮತ್ತೆ ಅದೇ. ಎಷ್ಟು ಊದಿದರೂ ಶ್ವಾಸಕೋಶದಲ್ಲಿ ಒಂದು ಲೀಟರಿನಷ್ಟೋ ಸ್ವಲ್ಪ ಹೆಚ್ಚೋ ಗಾಳಿ ಉಳಿದೇ ಇರುತ್ತದೆ, ಅದನ್ನು ಬೇರೆ ಲೆಕ್ಕ ಹಾಕಿ ಕಳೆಯುತ್ತಾರೆ. ನೆಲದ ಮೇಲೆ 80 ಕಿಲೋ ತೂಗುವ ಮನುಷ್ಯನಲ್ಲಿ 30 ಪರ್ಸೆಂಟ್ ಕೊಬ್ಬಿದ್ದರೆ ನೀರಿನೊಳಗೆ ಒಂದೂವರೆ ಕಿಲೋ ಆಸುಪಾಸು ತೂಗುತ್ತಾನೆ. ಅದೇ 80 ಕಿಲೋ, ಆದರೆ 15 ಪರ್ಸೆಂಟ್ ಕೊಬ್ಬು ಅಂದರೆ ನಾಲ್ಕು ಕಿಲೋ ಹತ್ತಿರ ತೂಗುತ್ತಾನೆ. ನೋಡಿ, ನೆಲದ ಮೇಲೆ ಮುಚ್ಚಿಟ್ಟುಕೊಂಡಿದ್ದನ್ನು ನೀರು ಹೇಗೆ ಬಯಲು ಮಾಡಿತು!

ಇನ್ನು ಮುಖ್ಯ ವಿಷಯಕ್ಕೆ ಬಂದೆ. ಆಗ ಸೇನೆಗೆ ಸೇರಿಸಿಕೊಳ್ಳುವಾಗ, ಜೀವವಿಮೆ ಮಾಡುವಾಗ ಒಂದು ಪಟ್ಟಿ ನೋಡುತ್ತಿದ್ದರು. ಇಷ್ಟು ಎತ್ತರಕ್ಕೆ ಇಷ್ಟು ತೂಕ, ಮೀರಿದರೆ ಬೇಡ. ಬೆಂಕೆ ಮತ್ತು ಅವರ ಜೊತೆಯವರು 25 ಜನ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಕರೆದು ಪರೀಕ್ಷೆ ಮಾಡಿದರು. ಅಮೆರಿಕದ ಫುಟ್‌ಬಾಲ್ ಅದು, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ. ಪಟ್ಟಿಯ ಪ್ರಕಾರ ಅವರಲ್ಲಿ 17 ಜನ ಅತಿತೂಕದವರು, ಸೇನೆಗೆ ಲಾಯಕ್ಕಿಲ್ಲದವರು! ನೀರಿಗಿಳಿಸಿ ತೂಗಿದಾಗ ಹೊರಬಿದ್ದದ್ದೇ ಬೇರೆ. ಅವರಲ್ಲಿ ಕೊಬ್ಬು ಕಡಿಮೆ, ಆ ತೂಕವೆಲ್ಲ ಸ್ನಾಯು. ಇದು 1942ರಲ್ಲಿ ಅಚ್ಚಾಯಿತು. 1942! ಎಂಬತ್ತು ವರ್ಷ ದಾಟಿದೆ, ನಾವು ಇನ್ನೂ ಬೆಳಿಗ್ಗೆ ಎದ್ದು ಅದೇ ಮಷಿನ್ ಹತ್ತಿ ಅಳುತ್ತಾ ಕೂತಿದ್ದೇವೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಸ್ವಲ್ಪ ಓಡಿಸುತ್ತೇನೆ.

ಬಿ.ಎಂ.ಐ. ಬಗ್ಗೆ ಕೇಳುತ್ತೀರಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ. ಅದರಲ್ಲೂ ಇರುವುದು ತೂಕವೇ, ಕೊಬ್ಬು ಎಲ್ಲೂ ಇಲ್ಲ. 2004ರಲ್ಲಿ ಇಬ್ಬರು ಡಾಕ್ಟರುಗಳು ತಮ್ಮದೇ ಮೈ ಅಳೆಸಿಕೊಂಡು, ಪಕ್ಕಪಕ್ಕ ನಿಂತ ಫೋಟೋ ಸಮೇತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿದರು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರದೂ ಬಿ.ಎಂ.ಐ. 22.3. ಇಬ್ಬರೂ ಸಣಕಲು ಅಂತಲೇ ಹೇಳಬೇಕು. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಮೈಯಲ್ಲಿ 21.2. ಎರಡು ಪಟ್ಟಿಗಿಂತ ಜಾಸ್ತಿ! ತೆಳ್ಳಗಿದ್ದೇನೆ, ನನಗೇನು ಅನ್ನುವವರು ಇದನ್ನು ಇನ್ನೊಂದು ಸಲ ಕೇಳಿಸಿಕೊಳ್ಳಿ.

ಹಾಗಾದರೆ ಅಳೆಯುವುದು ಹೇಗೆ? ನೀರಿನ ತೊಟ್ಟಿ ಎಲ್ಲರಿಗೂ ಸಿಗುವುದಿಲ್ಲ. ಡೆಕ್ಸಾ ಅಂತ ಒಂದು ಸ್ಕ್ಯಾನ್ ಇದೆ. ಎರಡು ಬಗೆಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದದ್ದು ಅಂತ ಬೇರೆ ಮಾಡಿ ತೋರಿಸುತ್ತದೆ. ಚೆನ್ನಾಗಿದೆ, ಆದರೆ ದಿನಾ ಮಾಡಿಸುವಂಥದ್ದಲ್ಲ. ಕ್ಯಾಲಿಪರ್ ಅಂದರೆ ಚರ್ಮವನ್ನು ಅದರಡಿಯ ಕೊಬ್ಬಿನ ಸಮೇತ ಚಿವುಟಿ ಹಿಡಿದು ದಪ್ಪ ಅಳೆಯುವ ಇಕ್ಕಳ. ಪಳಗಿದ ಕೈ ಬೇಕು, ಪ್ರತಿ ಸಲ ಅದೇ ಕೈ ಆದರೆ ಒಳ್ಳೆಯದು. ಕಾಲಿಟ್ಟರೆ ಕೊಬ್ಬಿನ ಪರ್ಸೆಂಟ್ ತೋರಿಸುವ ಮನೆ ಮಷಿನ್ ಗೊತ್ತಲ್ಲ, ಅದು ಪಾದದ ಮೂಲಕ ಸಣ್ಣ ಕರೆಂಟ್ ಹಾಯಿಸುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಕರೆಂಟ್ ಸಲೀಸಾಗಿ ಹೋಗುತ್ತದೆ. ಕೊಬ್ಬು ತಡೆಯುತ್ತದೆ. ಅಷ್ಟರಿಂದಲೇ ಅದು ಅಂದಾಜು ಹಾಕುವುದು. ಬೆವರು ಸುರಿಸಿ ಬಂದು ಹತ್ತಿದರೆ ಒಂದು ಅಂಕಿ, ನೀರು ಕುಡಿದು ಹತ್ತಿದರೆ ಇನ್ನೊಂದು. ಹಾಗಾಗಿ ದಿನದ ಅಂಕಿಗೆ ಬೆಲೆ ಕೊಡಬೇಡಿ, ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ತಿಂಗಳಿನಿಂದ ತಿಂಗಳಿಗೆ ಹೋಲಿಸಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಅದನ್ನು ಹತ್ತಲೇಬೇಡಿ.

ಇದ್ಯಾವುದೂ ಇಲ್ಲವಾ? ಬಟ್ಟೆ ಹೊಲಿಯುವವರ ಟೇಪು ಸಾಕು. ನೆಟ್ಟಗೆ ನಿಂತುಕೊಳ್ಳಿ. ಪಕ್ಕೆಲುಬಿನ ಕೊನೆಯ ಮೂಳೆ ಬೆರಳಿಗೆ ಸಿಗುತ್ತದೆ, ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಎರಡರ ನಡುವೆ ಟೇಪು ಸುತ್ತಿ. ಹಿಂದುಗಡೆ ಜಾರದೆ ನೆಲಕ್ಕೆ ಸಮನಾಗಿರಲಿ, ಚರ್ಮಕ್ಕೆ ತಾಗಬೇಕು, ಒತ್ತಬಾರದು. ಹೊಟ್ಟೆ ಒಳಗೆ ಎಳೆದುಕೊಂಡು ಯಾರಿಗೆ ಮೋಸ ಮಾಡುತ್ತೀರಿ? ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಆ ಅಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 160 ಸೆಂಟಿಮೀಟರ್ ಎತ್ತರ ಇದ್ದರೆ 80ರ ಒಳಗೆ. ಲಿವರ್, ಕರುಳಿನ ಸುತ್ತ ಕೂರುವ ಕೊಬ್ಬೇ ಸಕ್ಕರೆ ಕಾಯಿಲೆಗೆ, ಹೃದಯದ ಕಾಯಿಲೆಗೆ ಹೆಚ್ಚು ದಾರಿ ಮಾಡುವುದು. ಟೇಪು ಹಿಡಿಯುವುದು ಅದನ್ನೇ.

ಮೊನ್ನೆ ಒಬ್ಬರು ಬಂದು, ಡಾಕ್ಟ್ರೇ, ಅಷ್ಟು ದಿನದಿಂದ ವ್ಯಾಯಾಮ ಮಾಡ್ತಿದ್ದೀನಿ, ತೂಕ ಒಂಚೂರೂ ಇಳಿದಿಲ್ಲ, ಬಿಟ್ಟುಬಿಡ್ತೀನಿ ಅಂದರು. ಪ್ಯಾಂಟು ಹೇಗಿದೆ ಅಂದೆ. ಬೆಲ್ಟಿಗೆ ಹೊಸದಾಗಿ ಎರಡು ತೂತು ಹೊಡೆಸಿದೀನಿ ಅಂದರು, ಅದೂ ಬೇಜಾರಿನಲ್ಲಿ! 70 ಕಿಲೋ ಮನುಷ್ಯ 70ರಲ್ಲೇ ಇದ್ದು ಕೊಬ್ಬು 30ರಿಂದ 26 ಪರ್ಸೆಂಟಿಗೆ ಇಳಿದರೆ 2.8 ಕಿಲೋ ಕೊಬ್ಬು ಹೋಗಿ ಅಷ್ಟೇ ಸ್ನಾಯು ಬಂದಿದೆ ಅಂತ. ಇದಕ್ಕಿಂತ ಒಳ್ಳೆಯದು ಏನು ಬೇಕು?

ಹೆಂಗಸರಿಗೆ ಒಂದು ಮಾತು. ಗಂಡಸರ ಅಂಕಿ ನೋಡಿ ಹೋಲಿಸಿಕೊಳ್ಳಬೇಡಿ. ಬದುಕಿಗೆ ಬೇಕೇ ಬೇಕಾದ ಕೊಬ್ಬು ಗಂಡಸಿಗೆ 3 ಪರ್ಸೆಂಟ್ ಆದರೆ ಹೆಂಗಸಿಗೆ ಸುಮಾರು 12. ತೀರಾ ಇಳಿಸಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ.

ಸ್ನಾಯು ಉಳಿಸಿಕೊಳ್ಳುವುದು ಹೇಗೆ ಅಂತ ಅರ್ಧ ಗಂಟೆ ಮಾತಾಡಬೇಕಿತ್ತು, ಅರ್ಧ ನಿಮಿಷ ಉಳಿದಿದೆ. ವಾರಕ್ಕೆ ಎರಡು ಮೂರು ಸಲ ಭಾರ ಎತ್ತಿ, ಕುಕ್ಕರಗಾಲಲ್ಲಿ ಕೂತು ಏಳಿ, ಗೋಡೆಗೆ ಕೈಕೊಟ್ಟು ದಂಡ ಹೊಡೆಯಿರಿ. ಪ್ರತಿ ಊಟದಲ್ಲೂ ಪ್ರೋಟೀನ್ ಇರಲಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳವಾಯಿತು, ಅದಕ್ಕಿಂತ ಅವಸರ ಬೇಡ. ಹದಿನೈದು ದಿನಕ್ಕೊಮ್ಮೆ ಸೊಂಟ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ತೂಕದ ಮಷಿನನ್ನು ಅಲ್ಲಿಯವರೆಗೆ ಮಂಚದ ಕೆಳಗೆ ತಳ್ಳಿಬಿಡಿ. ನಮಸ್ಕಾರ.