ಬಂಬಲ್ ಬೀ ಗೂಡಿಗೆ ಸೆಖೆಯಾದಾಗ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಬಂಬಲ್ ಬೀ ಬಗ್ಗೆ ಸ್ವಲ್ಪ ಮಾತಾಡೋಣ. ಮನೆಯ ತೊಲೆ ಕೊರೆದು ಒಳಗೆ ಸೇರಿಕೊಳ್ಳುತ್ತದಲ್ಲ, ಆ ಕರಿ ದುಂಬಿ ಇದಲ್ಲ. ಇದು ಮೈತುಂಬ ದಟ್ಟ ರೋಮ ಇರುವ ಬೇರೆಯದೇ ಜೇನು. ನಮ್ಮ ದಕ್ಷಿಣದ ಕಡೆ ಇಲ್ಲ. ಹಿಮಾಲಯಕ್ಕೆ ಹೋದರೆ ಸಿಗುತ್ತದೆ, ಯುರೋಪಿನಲ್ಲಂತೂ ತೋಟ ತೋಟದಲ್ಲೂ ಕಾಣುತ್ತದೆ.

ಚಳಿಯಲ್ಲಿ ಬದುಕೋದಕ್ಕೆ ಅಂತಲೇ ಹುಟ್ಟಿದ ಜೀವ ಇದು. ಹಾರಬೇಕಾದರೆ ಎದೆಯ ಸ್ನಾಯು ಸುಮಾರು 30 ಡಿಗ್ರಿಗೆ ಬಿಸಿಯಾಗಬೇಕು. ಅದಕ್ಕೆ ರೆಕ್ಕೆ ಅಲುಗಿಸದೆ ಸ್ನಾಯುವನ್ನಷ್ಟೇ ನಡುಗಿಸಿ ಕಾವು ತಂದುಕೊಳ್ಳುತ್ತದೆ. ವಸಂತದಲ್ಲಿ ರಾಣಿ ಒಬ್ಬಳೇ ಗೂಡು ಶುರುಮಾಡುತ್ತಾಳೆ, ಕೋಳಿಯ ಹಾಗೆ ಮೊಟ್ಟೆಗಳಿಗೆ ಹೊಟ್ಟೆ ಒತ್ತಿ ಕಾವು ಕೊಡುತ್ತಾಳೆ. ಚಳಿಗೆ ಇಷ್ಟೆಲ್ಲ ಉಪಾಯ ಇದೆ, ಸೆಖೆಗೆ ಏನಿದೆ?

ಗೂಡು ಹೆಚ್ಚಾಗಿ ನೆಲದೊಳಗೆ, ಇಲಿ ಬಿಟ್ಟುಹೋದ ಬಿಲದಲ್ಲಿ. ಮರಿಗಳಿರುವ ಜಾಗ 28ರಿಂದ 32 ಡಿಗ್ರಿ ಒಳಗಿದ್ದರೆ ಸರಿ, 35 ದಾಟಿದರೆ ಕುತ್ತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪೀಟರ್ ಕೆವನ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ 2024ರಲ್ಲಿ ಬರೆದಿದ್ದಾರೆ: ಚಳಿ ನಾಡಿನ ಜಾತಿಯಾಗಲಿ, ಬೆಚ್ಚಗಿನ ನಾಡಿನ ಜಾತಿಯಾಗಲಿ, ಈ ಲೆಕ್ಕ ಹೆಚ್ಚುಕಮ್ಮಿ ಒಂದೇ. ಅಂದ್ರೆ ಊರು ಬದಲಾದರೂ ಗೂಡಿನ ಹದ ಬದಲಾಗುವುದಿಲ್ಲ.

ನಮ್ಮ ತುಡುವೆ ಜೇನಾದರೆ ನೀರು ಹೊತ್ತು ತಂದು ಗೂಡೊಳಗೆ ಹರಡಿ, ರೆಕ್ಕೆ ಬೀಸಿ ಆರಿಸಿ ತಂಪು ಮಾಡಿಕೊಳ್ಳುತ್ತದೆ. ಬಂಬಲ್ ಬೀ ಸಾಮಾನ್ಯವಾಗಿ ನೀರು ತರುವ ಗೋಜಿಗೇ ಹೋಗುವುದಿಲ್ಲ. ಅದಕ್ಕಿರುವ ದೊಡ್ಡ ದಾರಿ ಗಾಳಿ ಬೀಸುವುದು. ಕೆಲಸಗಾರ ನೊಣ ಮರಿಗಳ ಗುಂಪಿನ ಹತ್ತಿರ ಕಾಲೂರಿ ನಿಂತು, ಇನ್ನೇನು ಹಾರಿಬಿಡುತ್ತೇನೆ ಅನ್ನುವ ಹಾಗೆ ಜೋರಾಗಿ ರೆಕ್ಕೆ ಬಡಿಯುತ್ತದೆ, ಆದರೆ ನಿಂತ ಜಾಗ ಬಿಡುವುದಿಲ್ಲ. ಗುಂಯ್ ಅನ್ನೋ ಸದ್ದು ಹೊರಗೂ ಕೇಳುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ಯೋಹಾನೆಸ್ ಗೂಡಾರ್ಟ್ ಈ ಸದ್ದು ಕೇಳಿ, ಬೆಳಿಗ್ಗೆ ಒಂದು ನೊಣ ಉಳಿದವರನ್ನು ಕೆಲಸಕ್ಕೆ ಎಬ್ಬಿಸುತ್ತಿದೆ ಅಂದುಕೊಂಡಿದ್ದ! ಪಾಪ, ಅದು ಗೂಡಿಗೆ ಗಾಳಿ ಆಡಿಸುತ್ತಿತ್ತು ಅಷ್ಟೇ.

ಇಲ್ಲೊಂದು ಸೊಗಸಾದ ಸಂಗತಿ ಇದೆ. ಜರ್ಮನಿಯ ಆನ್ಯಾ ವೈಡೆನ್‌ಮ್ಯೂಲರ್ ಗೂಡುಗಳನ್ನು ಬಿಸಿ ಮಾಡಿ, ಯಾವ ನೊಣ ಯಾವಾಗ ಬೀಸಲು ಶುರುಮಾಡುತ್ತದೆ ಅಂತ ಗಮನಿಸಿದರು. ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುವುದಿಲ್ಲ. ಕೆಲವಕ್ಕೆ ಸ್ವಲ್ಪ ಬಿಸಿಯಾದರೂ ತಡೆಯುವುದಿಲ್ಲ, ಇನ್ನು ಕೆಲವು ಒಳಗೆ ಕುದಿಯುವ ತನಕ ಸುಮ್ನೆ ಇರುತ್ತವೆ. ಸೋಮಾರಿಗಳು ಅಂತ ಬೈಯೋ ಹಾಗಿಲ್ಲ, ಆ ವ್ಯತ್ಯಾಸದಿಂದಲೇ ಗೂಡು ಉಳಿಯುವುದು. ಎಲ್ಲವೂ ಒಂದೇ ಡಿಗ್ರಿಗೆ ಶುರುಮಾಡಿ ಒಂದೇ ಡಿಗ್ರಿಗೆ ನಿಲ್ಲಿಸಿದ್ದರೆ ಒಳಗಿನ ಕಾವು ಒಮ್ಮೆ ಏರಿ ಒಮ್ಮೆ ಇಳಿದು ಮರಿಗಳ ಗತಿ ಏನಾಗುತ್ತಿತ್ತು? ಈಗ ಬಿಸಿ ಏರಿದಷ್ಟೂ ಬೀಸುವವರ ಸಂಖ್ಯೆ ಏರುತ್ತದೆ. ಇನ್ನೂ ಒಂದು ಮಾತು, ಒಮ್ಮೆ ಬೀಸಿದ ನೊಣ ಮುಂದಿನ ಸಲ ಇನ್ನೂ ಕಡಿಮೆ ಬಿಸಿಗೇ ಕೆಲಸಕ್ಕೆ ಇಳಿಯುತ್ತದೆ.

ಆದರೆ ಹೊರಗಿನ ಗಾಳಿಯೇ ಕಾದಿದ್ದರೆ ಬೀಸಿ ಏನು ಪ್ರಯೋಜನ? ಹೊರಗೆ ಹೋಗುವವರ ಪಾಡೂ ಅಷ್ಟೇ. 2024ರಲ್ಲಿ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಎರಡು ಜಾತಿಯ ನೊಣಗಳನ್ನು ಸುಮಾರು ಮೂರು ಗಂಟೆ 40 ಡಿಗ್ರಿಯಲ್ಲಿ ಇಟ್ಟು ನೋಡಿದರು. ಹೂವಿನ ವಾಸನೆಗೆ ಮೀಸೆ ಸ್ಪಂದಿಸುವುದು ಶೇ. 80ರವರೆಗೂ ಕುಸಿದಿತ್ತು. ವಾಸನೆ ಹತ್ತದ ಜೇನು ಮನೆಗೆ ಏನು ತಂದೀತು, ಅಲ್ವಾ?

ಇದರ ಬಿಸಿ ಟೊಮ್ಯಾಟೊ ಬೆಳೆಯುವವರಿಗೂ ತಟ್ಟುತ್ತದೆ. 1980ರ ದಶಕದ ಕೊನೆಯಿಂದ ಯುರೋಪಿನ ಗಾಜಿನಮನೆಗಳಲ್ಲಿ ಪರಾಗಸ್ಪರ್ಶಕ್ಕೆ ಈ ನೊಣಗಳನ್ನು ಪೆಟ್ಟಿಗೆಯಲ್ಲೇ ತಂದಿಡುತ್ತಾರೆ. ನಮ್ಮ ಹಿಮಾಚಲದ ಸೋಲನ್ ಹತ್ತಿರದ ನೌಣಿ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೂ ಅಲ್ಲಿನ ಜಾತಿಯನ್ನು ಸಾಕಿ ನೋಡಿದ್ದಾರೆ. ಗಾಜಿನಮನೆ ಜಾಸ್ತಿ ಕಾದ ದಿನ ನೊಣಗಳು ಹೂವಿನ ಕಡೆ ತಲೆ ಹಾಕದೆ ಗೂಡಲ್ಲೇ ನಿಂತು ಬೀಸುತ್ತವೆ. ಪೆಟ್ಟಿಗೆಯನ್ನು ಗಿಡದ ನೆರಳಿಗೆ ಸರಿಸಿ, ನೇರ ಬಿಸಿಲು ಬೀಳದ ಹಾಗೆ ಮೇಲೊಂದು ಮರೆ ಕಟ್ಟಿ ಅನ್ನೋದು ಅದಕ್ಕೇ.