ಹಡಗಲ್ಲಿ ಸೂಟ್ ರೂಮು: ಹತ್ತೋ ದಿನಾನೇ ದುಡ್ಡು ವಸೂಲು, ಊಟದ ಟೇಬಲ್ಲಲ್ಲಿ ಅಲ್ಲ

ನಮಸ್ಕಾರ ಎಲ್ರಿಗೂ. ಹೋದ ಎಪಿಸೋಡಲ್ಲಿ ಅಪ್ಪ ಅಮ್ಮನ್ನ ಕ್ರೂಸ್‌ಗೆ ಕರ್ಕೊಂಡ್ ಹೋಗಿದ್ವಿ ಅಂತ ಬಾಯ್ತಪ್ಪಿ ಅಂದಿದ್ದೇ ತಡ, ಅವತ್ತಿಂದ ಎಲ್ರದ್ದೂ ಒಂದೇ ಪ್ರಶ್ನೆ, ಸೂಟ್ ತಗೊಂಡಿದ್ರಂತಲ್ಲ (ಸೂಟ್ ಅಂದ್ರೆ ಹಾಕ್ಕೊಳ್ಳೋ ಕೋಟಲ್ಲ, ಹಡಗಿನ ದೊಡ್ಡ ದುಬಾರಿ ರೂಮು), ಅಷ್ಟು ದುಡ್ಡು ಕೊಡೋ ಹಂಗಿತ್ತಾ, ಊಟ ಹೆಂಗಿತ್ತು. ಸರಿ, ಹೇಳ್ಬಿಡೋಣ ಅಂತ ಕೂತಿದೀನಿ. ಅರ್ಧಕ್ಕೇ ಬಿಟ್ ಹೋಗೋರಿಗೆ ಅನುಕೂಲ ಆಗ್ಲಿ ಅಂತ ಉತ್ತರ ಮೊದಲೇ ಹೇಳ್ತೀನಿ. ಸೂಟ್‌ಗೆ ಕೊಟ್ಟ ದುಡ್ಡು ಮೊದಲನೇ ದಿನ ಬೆಳಗ್ಗೆ 11ರಿಂದ ಸಂಜೆ 4ರೊಳಗೆ ವಸೂಲಾಯ್ತು. ಊಟದ ವಿಷ್ಯಕ್ಕೆ ಬಂದ್ರೆ, ನಮ್ಮಂಥ ಸೊಪ್ಪು ಸಾರು ತಿನ್ನೋರಿಗೆ, ಸೂಟ್‌ನೋರಿಗೇ ಅಂತ ಇಟ್ಟಿರೋ ಆ ಸ್ಪೆಷಲ್ ರೆಸ್ಟೋರೆಂಟ್‌ಗಿಂತ ಕೆಳಗಡೆ ಎಲ್ರೂ ಉಣ್ಣೋ ದೊಡ್ಡ ಹಾಲೇ ವಾಸಿ.

ಹಡಗಿನ ಹೆಸರು ಹೇಳಲ್ಲ, ಕೇಳ್ಬೇಡಿ. ಮಯಾಮಿಯಿಂದ ಹೊರಟು ಕೆರಿಬಿಯನ್ ಕಡೆ ಏಳು ರಾತ್ರಿ, ಅಷ್ಟು ಸಾಕು. ನಾವಿರೋದು ಕ್ಯಾರೀಲಿ, ನಾರ್ತ್ ಕೆರೊಲಿನಾ. ಅಪ್ಪ ಅಮ್ಮ ಹಾಸನದಿಂದ ಬಂದಿದ್ರು, ಅಮ್ಮಂಗೆ ಮಂಡಿ ನೋವು, ಅಪ್ಪಂಗೆ ಶುಗರ್. ಬುಕಿಂಗ್ ಮಾಡೋ ಹುಡುಗಿ ಫೋನಲ್ಲಿ ಸ್ವೀಟ್ ಸ್ವೀಟ್ ಅಂತಿದ್ಲು, ಇಲ್ಲಿನೋರು ಸೂಟ್‌ನ ಹಂಗೇ ಅನ್ನೋದಲ್ವಾ, ಸ್ಪೀಕರಲ್ಲಿ ಕೇಳಿಸ್ಕೊಂಡ ಅಪ್ಪ "ನಂಗೆ ಶುಗರ್ ಇದೆ, ಸ್ವೀಟ್ ಬೇಡ ಅನ್ನು" ಅಂದ್ರು. ಎಷ್ಟು ಸರಿಯಾಗಿ ಹೇಳಿದ್ರು ಅಂತ ಗೊತ್ತಾಗಿದ್ದು ಬಿಲ್ ಬಂದ್ಮೇಲೆ, ಮಾಮೂಲಿ ಬಾಲ್ಕನಿ ರೂಮಿನ ಎರಡೂವರೆ ಪಟ್ಟು.

ಮೊದಲನೇ ದಿನ ಏನಾಗತ್ತೆ ಅಂತ ಹೋಗ್ದೇ ಇರೋರಿಗೆ ಹೇಳ್ಬೇಕು. ಈಗಿನ ದೊಡ್ಡ ಹಡಗು ಅಂದ್ರೆ ಹಡಗಲ್ಲ, ಒಂದು ತಾಲ್ಲೂಕು ಕೇಂದ್ರ. 2024ರ ಜನವರೀಲಿ ಮಯಾಮಿಯಿಂದ ಓಡೋಕೆ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ತಗೊಳ್ಳಿ, ತುಂಬಿದ್ರೆ 7600 ಜನ ಪ್ಯಾಸೆಂಜರ್‌ಗಳೇ, ಕೆಲಸದೋರು ಬೇರೆ. ಅಷ್ಟು ಜನಾನೂ ಬೆಳಗ್ಗೆ ಇಳಿಸಿ, ಅದೇ ದಿನ ಅಷ್ಟೇ ಜನಾನ ಮತ್ತೆ ಹತ್ತಿಸ್ಕೊಂಡು ಸಂಜೆ ಹೊರಡ್ಬೇಕು. ಹಳಬ್ರು ರೂಮ್ ಖಾಲಿ ಮಾಡಿ, ಹಾಸಿಗೆ ಹೊದಿಕೆ ಬದಲಾಗಿ, ಬಾತ್‌ರೂಮ್ ತೊಳ್ದು ರೆಡಿ ಆಗೋ ಹೊತ್ಗೆ ಮಧ್ಯಾಹ್ನ ಒಂದಾದ್ರೂ ಆಗತ್ತೆ. ನೀವು ಹನ್ನೊಂದೂವರೆಗೇ ಹತ್ತಿದ್ರೂ ಕಾರಿಡಾರ್ ಬಾಗ್ಲು ಹಾಕಿರ್ತಾರೆ. ಕೈಲಿ ಬ್ಯಾಗು, ಹೆಗಲ ಮೇಲೆ ಬ್ಯಾಗು, ರೂಮಿಲ್ಲ, ಹೊಟ್ಟೆ ಹಸಿವು, ಎಲ್ರೂ ಎಲ್ಲಿಗೆ ಹೋಗ್ತಾರೆ? ಮೇಲಿರೋ ಬಫೆಗೆ. ಮದ್ವೆ ಮನೇಲಿ ಮೊದಲನೇ ಪಂಕ್ತಿ ಎದ್ದಾಗ ಕುರ್ಚಿ ಹಿಂದೆ ನಿಂತ್ಕೊಂಡು ಕಾಯ್ತಾರಲ್ಲ, ಥೇಟ್ ಹಂಗೇ, ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಕೈಲಿ ತಟ್ಟೆ ಜೊತೆ ಟ್ರಾಲಿ ಬ್ಯಾಗೂ ಇರತ್ತೆ.

ಸೂಟ್‌ನೋರಿಗೆ ಇದ್ಯಾವ್ದೂ ಇಲ್ಲ. ಟರ್ಮಿನಲ್ ಮುಂದೆ ಪೋರ್ಟರ್‌ಗೆ ದೊಡ್ಡ ಸೂಟ್‌ಕೇಸ್‌ಗಳು ಕೊಟ್ವಿ, ಟ್ಯಾಗ್ ಹಾಕಿದ, ಬೇರೆ ಲೈನಲ್ಲಿ ಬಿಟ್ರು. ಹಾಂ, ಒಂದು ಕಡೆ ಮಾತ್ರ ಸೂಟ್ ನಡೀಲಿಲ್ಲ. ಪಾಸ್‌ಪೋರ್ಟ್ ನೋಡೋ ಕೌಂಟರ್. ಅಮೆರಿಕನ್ ಪಾಸ್‌ಪೋರ್ಟ್‌ನೋರು ಕ್ಯಾಮೆರಾ ಮುಂದೆ ಮುಖ ತೋರ್ಸಿ ಹೋಗ್ತಾ ಇದ್ರೆ, ನಮ್ದು ಅಪ್ಪ ಅಮ್ಮನ ವೀಸಾ ಪೇಜು, ಅದು ಮಲ್ಟಿಪಲ್ ಎಂಟ್ರಿನಾ, ನಮ್ಮಿಬ್ರ ಗ್ರೀನ್ ಕಾರ್ಡು, ಒಂದೊಂದೇ ಹಾಳೆ ತಿರುವಿ ನೋಡಿದ್ರು. ನಮ್ಮ ನೀಲಿ ಪುಸ್ತಕಕ್ಕೆ ಯಾವ ಕ್ಲಾಸೂ ಇಲ್ಲ. ಅಲ್ಲಿಂದಾಚೆ ಮಾತ್ರ ರಾಜೋಪಚಾರ, ಸೂಟ್‌ನೋರಿಗೆ ಅಂತ ಬೇರೆ ಕೂರೋ ಜಾಗ, ಕಾಫಿ, ಬಿಸ್ಕತ್ತು, ಹತ್ತು ನಿಮಿಷಕ್ಕೆ ಒಬ್ಬ ಬಂದು ಬನ್ನಿ ಅಂತ ಕರ್ಕೊಂಡ್ ಹೋದ. ಹನ್ನೆರಡೂವರೆಗೆ ಅಪ್ಪ ಟೇಬಲ್ ಮುಂದೆ ಕೂತು ಸೂಪ್ ಕುಡೀತಿದ್ರು, ಮಾತ್ರೆ ಟೈಮಿಗೆ ಸರಿಯಾಗಿ. ಅಮ್ಮ ಕಾಲು ಚಾಚಿ ಕೂತು ಸಮುದ್ರ ನೋಡ್ತಿದ್ರು. ಆ ಬಫೆ ಗಲಾಟೇಲಿ ಅವರ ಮಂಡಿ ಒಂದು ನಿಮಿಷಾನೂ ನಿಂತು ಕಾಯ್ಲಿಲ್ಲ ನೋಡಿ, ನಾನು ದುಡ್ಡು ವಸೂಲು ಅಂದಿದ್ದು ಅದಕ್ಕೇ, ಶಾಂಡ್ಲಿಯರ್‌ಗಲ್ಲ ಬಟ್ಲರ್‌ಗಲ್ಲ.

ಇಲ್ಲೊಂದು ಮಜಾ ವಿಷ್ಯ ಇದೆ. 1912ರ ಏಪ್ರಿಲ್ 10, ಟೈಟಾನಿಕ್ ಸೌತಾಂಪ್ಟನ್‌ನಿಂದ ಹೊರಟಿದ್ದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಎರಡನೇ ಮೂರನೇ ಕ್ಲಾಸ್‌ನೋರು ಬೆಳಗ್ಗೆ ಬೆಳಗ್ಗೇನೇ ರೈಲಲ್ಲಿ ಬಂದು ಹತ್ತಿ ಕೂತಿದ್ರು, ಫಸ್ಟ್ ಕ್ಲಾಸ್‌ನೋರ ರೈಲು ಬಂದಿದ್ದು ಹನ್ನೊಂದೂವರೆಗೆ. ಅಂದ್ರೆ ಆಗ ದುಡ್ಡಿದ್ದೋರು ಕೊನೇಗೆ ಹತ್ತೋರು. ಕಾಯೋದು ಬಡವರ ಕೆಲಸ. ಈಗ ಉಲ್ಟಾ, ದುಡ್ಡು ಜಾಸ್ತಿ ಕೊಟ್ಟೋರು ಮೊದಲು ಹತ್ತೋರು. ಯಾಕೆ ಹೇಳಿ? ಆಗ ಹಡಗು ನ್ಯೂಯಾರ್ಕಿಗೆ ಹೋಗೋ ಬಸ್ಸು, ಬಸ್ಸಲ್ಲಿ ಎರಡು ಗಂಟೆ ಮುಂಚೆ ಕೂತು ಏನ್ಮಾಡೋದು. ಈಗ ಹಡಗೇ ಊರು, ಹಡಗೇ ಜಾತ್ರೆ, ಬೆಳಗ್ಗೆ ಹನ್ನೊಂದಕ್ಕೆ ಹತ್ತಿದ್ರೆ ಅರ್ಧ ದಿನ ಪುಕ್ಕಟೆ ಸಿಕ್ಕಂಗೆ. ಕಂಪನಿಗಳು ಮಾರ್ತಿರೋದು ಆ ಅರ್ಧ ದಿನಾನೇ.

ಎಲ್ರೂ ಸಮ ಆಗೋದು ಒಂದೇ ಒಂದು ಕಡೆ, ಮಸ್ಟರ್. ಅಪಾಯ ಆದ್ರೆ ಎಲ್ಲಿ ಸೇರ್ಬೇಕು ಅಂತ ತೋರ್ಸೋದು. 2012ರ ಜನವರಿ 13ಕ್ಕೆ ಇಟಲೀಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಹೋದ್ರಲ್ಲ, ಅವತ್ತೇ ಚಿವಿಟವೆಕ್ಕಿಯಾ ಬಂದರಲ್ಲಿ ಹತ್ತಿದೋರಿಗೆ ಇನ್ನೂ ಡ್ರಿಲ್ಲೇ ಆಗಿರ್ಲಿಲ್ಲ. ಆಗಿನ ನಿಯಮ 24 ಗಂಟೆ ಒಳಗೆ ಮಾಡಿದ್ರೆ ಸಾಕು ಅಂತಿತ್ತು. ಈಗ ಹಡಗು ಹೊರಡೋ ಮುಂಚೆ, ಇಲ್ಲಾ ಹೊರಟ ತಕ್ಷಣ, ಆಗ್ಲೇಬೇಕು. ಈಗ ಸುಮಾರು ಹಡಗುಗಳಲ್ಲಿ ವೀಡಿಯೋ ಆ್ಯಪಲ್ಲಿ ನೋಡಿ, ನಿಮ್ಮ ಸ್ಟೇಶನ್‌ಗೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸ್ಕೊಂಡ್ ಬಂದ್ರೆ ಮುಗೀತು. ನಾವೂ ಹೋದ್ವಿ. ನಮ್ಮ ಹಿಂದೆ ನಿಂತಿದ್ದೋರು ಕಿಟಕಿ ಇಲ್ಲದ ರೂಮಿನೋರು. ಲೈಫ್ ಬೋಟ್ ಅದೇನೇ.

ಇನ್ನೊಂದು ಕಡೇನೂ ಸಮ ಆದ್ವಿ, ಅದು ಅಮ್ಮನ ಕೃಪೆ. ಸಂಜೆ ಆರಕ್ಕೆ ಮೂರು ಸೂಟ್‌ಕೇಸ್ ಬಂತು, ನಾಲ್ಕನೇದು ಇಲ್ಲ. ಕನ್ಸಿಯರ್ಜ್‌ಗೆ, ಅಂದ್ರೆ ಸೂಟ್‌ನೋರ ಬೇಕುಬೇಡ ನೋಡ್ಕೊಳ್ಳೋನಿಗೆ, ಫೋನ್ ಮಾಡಿದ್ರೆ, ಮೇಡಂ ನೀವೇ ಕೆಳಗೆ ಸೆಕ್ಯೂರಿಟಿ ಹತ್ರ ಹೋಗ್ಬೇಕು ಅಂದ. ಹೋದ್ರೆ ಅಲ್ಲೊಂದು ಉದ್ದ ಟೇಬಲ್, ಮೇಲೆ ಯಾರ್ದೋ ಇಸ್ತ್ರಿ ಪೆಟ್ಟಿಗೆ, ಯಾರ್ದೋ ಎಕ್ಸ್‌ಟೆನ್ಶನ್ ಬೋರ್ಡು, ವಿಸ್ಕಿ ಬಾಟ್ಲುಗಳು, ಮಧ್ಯದಲ್ಲಿ ನಮ್ಮ ಸ್ಟೀಲಿನ ಎಲೆಕ್ಟ್ರಿಕ್ ಕೆಟಲ್. ಕೆಟಲ್ಲು, ಇಸ್ತ್ರಿ ಪೆಟ್ಟಿಗೆ ಥರ ಬಿಸಿ ಆಗೋ ಸಾಮಾನು ಹಡಗಿಗೆ ತರಂಗಿಲ್ಲ, ಬೆಂಕಿ ಭಯ, ಇದು ನಂಗೂ ಗೊತ್ತಿತ್ತು, ಅಮ್ಮಂಗೂ ಹೇಳಿದ್ದೆ. "ಸೂಟ್‌ನೋರಿಗೆ ನಡಿಯತ್ತೇನೋ ಅಂದ್ಕೊಂಡೆ ಕಣೇ" ಅಂದ್ರು. ಕೆಂಪು ಚೀಟಿ ಕಟ್ಟಿ, ರೂಮ್ ನಂಬರ್ ಬರ್ದು, ಇಳಿಯೋ ದಿನ ವಾಪಸ್ ಅಂತ ಒಳಗಿಟ್ರು. ಅಂಗಡಿ ಪ್ಯಾಕೆಟ್ಟಿನ ಚಟ್ನಿಪುಡಿ ಮಾತ್ರ ಮೂಸಿ ನೋಡಿ ಬಿಟ್ರು.

ಈಗ ಊಟ. ಸೂಟ್‌ನೋರಿಗೆ ಬೇರೆ ಊಟದ ಮನೆ ಅನ್ನೋದು ಹೊಸಾ ಐಡಿಯಾ ಏನಲ್ಲ. ಕ್ಯುನಾರ್ಡ್ ಅನ್ನೋ ಹಡಗು ಕಂಪನೀಲಿ ಕ್ವೀನ್ಸ್ ಗ್ರಿಲ್, ಪ್ರಿನ್ಸೆಸ್ ಗ್ರಿಲ್ ಅಂತ ಇವೆ, ನಿಮ್ಮ ರೂಮ್ ಯಾವ್ದೋ ಅದರ ಮೇಲೆ ನಿಮ್ಮ ಊಟದ ಹಾಲು, ಟ್ರಿಪ್ ಪೂರ್ತಿ ಅದೇ ಟೇಬಲ್ ನಿಮ್ಗೆ. ಎಂಎಸ್‌ಸಿ ಕಂಪನಿಯೋರು 2008ರಲ್ಲಿ ಫ್ಯಾಂಟೇಸಿಯಾ ಹಡಗಲ್ಲಿ ಯಾಟ್ ಕ್ಲಬ್ ಅಂತ ಸೂಟ್‌ನೋರಿಗೇ ಬೇರೆ ಜಾಗ ಶುರು ಮಾಡಿದ್ರು, ಸೆಲೆಬ್ರಿಟಿ ಅನ್ನೋ ಕಂಪನಿಯೋರು 2015ರಲ್ಲಿ ಲುಮಿನೇ ಅನ್ನೋ ರೆಸ್ಟೋರೆಂಟ್ ತಂದ್ರು, ರಾಯಲ್ ಕೆರಿಬಿಯನ್‌ನಲ್ಲಿ ಕೋಸ್ಟಲ್ ಕಿಚನ್. ಈ ಕೋಸ್ಟಲ್ ಕಿಚನ್ ವಿಷ್ಯದಲ್ಲಿ ಒಂದು ಮಾತು, ಸೂಟ್ ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲಾ ಸೂಟೂ ಒಂದಲ್ಲ. 2016ರಿಂದ ದೊಡ್ಡ ಹಡಗುಗಳಲ್ಲಿ ಸೀ, ಸ್ಕೈ, ಸ್ಟಾರ್ ಅಂತ ಮೂರು ಮೆಟ್ಲು ಮಾಡಿದಾರೆ, ಜೂನಿಯರ್ ಸೂಟ್ ತಗೊಂಡ್ರೆ ನೀವು ಸೀ ಮೆಟ್ಲು, ಅಲ್ಲಿಗೆ ರಾತ್ರಿ ಊಟಕ್ಕೆ ಮಾತ್ರ ಪ್ರವೇಶ, ಬೆಳಗ್ಗೆ ತಿಂಡಿಗೆ ಹೋದ್ರೆ ನಗ್ತಾ ನಗ್ತಾನೇ ವಾಪಸ್ ಕಳಿಸ್ತಾರೆ. ಮೊದಲನೇ ದಿನದ ನೆಮ್ಮದಿ ಊಟಾನೂ ಇಲ್ಲ. ಹಂಗಾಗಿ ಜೂನಿಯರ್ ಸೂಟ್ ಅಂದ್ರೆ ನನ್ನ ಲೆಕ್ಕದಲ್ಲಿ ದೊಡ್ಡ ಬಾತ್‌ರೂಮ್ ಇರೋ ಬಾಲ್ಕನಿ ರೂಮು, ಬುಕ್ ಮಾಡೋ ಮುಂಚೆ ಕೇಳ್ಕೊಳ್ಳಿ.

ನಮ್ಮ ಹಡಗಿನ ಸೂಟ್ ರೆಸ್ಟೋರೆಂಟು ಚಿಕ್ಕದು, ಚೊಕ್ಕದು, ಪಿಸುಪಿಸು ಮಾತು, ಬಿಳೀ ಬಟ್ಟೆ. ಮೊದಲನೇ ರಾತ್ರಿ ವೆಜ್ ಅಂದಿದ್ದಕ್ಕೆ ಬೀಟ್ರೂಟ್ ನಾಲ್ಕು ಹೋಳು ಬಂತು, ಮೇಲೆ ಆಡಿನ ಹಾಲಿನ ಚೀಸು. ಆಮೇಲೆ ಅಣಬೆ ರಿಸೊಟ್ಟೊ. ಅಮ್ಮ ಒಂದು ಸ್ಪೂನ್ ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ನಿದ್ರು. "ಇದು ಗಂಜಿ ಕಣೇ. ಚೆನ್ನಾಗೇ ಇದೆ, ಉಪ್ಪಿನಕಾಯಿ ಇದ್ಯಾ ಕೇಳು" ಅಂದ್ರು. ಅದನ್ನ ಕೇಳಿಸ್ಕೊಂಡ ಪಕ್ಕದ ಟೇಬಲ್ ವೇಟರ್ ಹುಡುಗ ತಿರುಗಿ ನೋಡಿ ನಕ್ಕ. ಉಡುಪಿ ಕಡೆಯವನು! ಆಶ್ಚರ್ಯ ಏನಿಲ್ಲ ಬಿಡಿ, ಮಂಗಳೂರು ಉಡುಪಿ ಗೋವಾ ಕಡೆ ಹುಡುಗ್ರು ಎಷ್ಟೋ ಜನ ಹೋಟ್ಲು ಕೆಲಸದಿಂದ ಸೀದಾ ಶಿಪ್ಪಿಗೇ ಹೋಗೋದು. ಮೆಲ್ಲಗೆ ಬಗ್ಗಿ ಹೇಳ್ದ, "ಅಮ್ಮ, ಇಲ್ಲಿ ಮೆನು ಸಣ್ಣದು, ನಿಮಗೆ ಎಂತದೂ ಸಿಗುದಿಲ್ಲ. ಊಟ ಆದ ಮೇಲೆ ಕೆಳಗೆ ಮೇನ್ ಡೈನಿಂಗಿಗೆ ಹೋಗಿ ಹೆಡ್ ವೇಟರಿಗೆ ಇವತ್ತೇ ಹೇಳಿ ಬನ್ನಿ. ನಾಳೆಯಿಂದ ಅವ್ರು ದಿನಾ ಮಾಡಿ ಕೊಡ್ತಾರೆ."

ಅಷ್ಟೇ ನೋಡಿ ಇಡೀ ಟ್ರಿಪ್ಪಿನ ಗುಟ್ಟು. ದೊಡ್ಡ ಅಡುಗೆಮನೇಲಿ ಸಾವಿರಾರು ಜನಕ್ಕೆ ಬೇಯಿಸೋದ್ರಿಂದ ಅಲ್ಲಿ ಎಲ್ಲಾ ದೇಶದ ಅಡುಗೆಯೋರೂ ಇರ್ತಾರೆ, ನಮ್ಮೋರೂ ಇರ್ತಾರೆ, ಒಂದು ದಿನ ಮುಂಚೆ ಹೇಳಿದ್ರೆ ಸಾಕು. ಸೂಟ್‌ನ ಚಿಕ್ಕ ಅಡುಗೆಮನೇಲಿ ಮೂರು ಎಲೆ ಜೋಡ್ಸೋಕೆ ಚಿಮ್ಟ ಹಿಡಿದು ನಿಂತಿರ್ತಾರೆ. ಮಾರನೇ ದಿನ ಎರಡನೇ ಪಂಕ್ತಿ, ಅಂದ್ರೆ ಸೆಕೆಂಡ್ ಸೀಟಿಂಗು, ಕೆಳಗಿನ ಹಾಲಲ್ಲಿ ಗಲಾಟೆ, ಹ್ಯಾಪಿ ಬರ್ತ್‌ಡೇ ಹಾಡು, ಮಕ್ಕಳ ಅಳು, ಅದ್ರ ಮಧ್ಯೆ ಟೇಬಲ್ಲಿಗೆ ಬಂತು ದಾಲು, ಆಲೂ ಗೋಬಿ, ಜೀರಾ ರೈಸು, ಹಪ್ಪಳ, ಒಂದು ಬಟ್ಲು ಮೊಸರು. ಅಮ್ಮ ಪರ್ಸಿಂದ ಚಟ್ನಿಪುಡಿ ತೆಗೆದು ಮೊಸರನ್ನದ ಮೇಲೆ ಉದುರಿಸ್ಕೊಂಡ್ರು, ವೇಟರ್ ಕೇಳಿದ, ಅವನಿಗೂ ಕೊಟ್ರು. ನಾನು ಎರಡೂವರೆ ಪಟ್ಟು ದುಡ್ಡು ಕೊಟ್ಟಿದ್ದು ನೆನಪಾಗಿ ಹೊಟ್ಟೆ ಉರೀತು, ಆದ್ರೂ ಊಟ ಹೊಟ್ಟೆ ತುಂಬಾ ಮಾಡ್ದೆ.

ಸೂಟ್ ಊಟಕ್ಕೆ ಪೂರ್ತಿ ಬೈಯೋದು ತಪ್ಪು. ಬೆಳಗ್ಗೆ ತಿಂಡಿಗೆ ಅಲ್ಲೇ ಹೋಗ್ತಿದ್ವಿ, ಕ್ಯೂ ಇಲ್ಲ, ಅಪ್ಪಂಗೆ ಎಂಟು ಗಂಟೆ ಅಂದ್ರೆ ಎಂಟು ಗಂಟೆ. ಇನ್ನೊಂದು ಉಪಯೋಗ ನಾಲ್ಕನೇ ದಿನ ಗೊತ್ತಾಯ್ತು, ಸೂಟ್‌ನೋರು ರಾತ್ರಿ ಊಟದ ಟೈಮಲ್ಲಿ ಕೆಳಗಿನ ಹಾಲಿನ ಮೆನುವಿಂದಾನೇ ರೂಮಿಗೆ ತರಿಸ್ಕೋಬಹುದಿತ್ತು. ಸುಮಾರು ಕಂಪನಿಗಳಲ್ಲಿ ಇದು ಇದೆ, ಕೇಳಿದ್ರೆ ಮಾತ್ರ ಹೇಳ್ತಾರೆ. ಆಮೇಲೆ ಮೂರು ರಾತ್ರಿ ಬಾಲ್ಕನೀಲಿ ಸಮುದ್ರ ನೋಡ್ಕೊಂಡು ದಾಲ್ ರೈಸು. ಮೀನು ಮಾಂಸ ತಿನ್ನೋರಾದ್ರೆ ನನ್ನ ಮಾತು ಬಿಡಿ, ನನ್ನ ಗಂಡ ಆ ಸೂಟ್ ರೆಸ್ಟೋರೆಂಟಿನ ಲಾಬ್‌ಸ್ಟರ್ ಬಗ್ಗೆ ಇವತ್ತೂ ಮಾತಾಡ್ತಾನೆ.

ಹಂಗಾದ್ರೆ ಮತ್ತೆ ಸೂಟ್ ತಗೋತೀಯಾ ಅಂದ್ರೆ, ಇಲ್ಲ. ಮೊದಲನೇ ದಿನಾನೇ ಬೆಲೆ ಬಾಳೋದು ಅಂತ ಕಂಪನಿಗಳಿಗೂ ಗೊತ್ತು, ಅದಕ್ಕೇ ಅದನ್ನ ಬಿಡಿಬಿಡಿಯಾಗೂ ಮಾರ್ತಾರೆ. ಕಾರ್ನಿವಲ್ ಕಂಪನೀಲಿ ಫಾಸ್ಟರ್ ಟು ದಿ ಫನ್ ಅಂತಿದೆ, ಮಾಮೂಲಿ ರೂಮಿನೋರೂ ದುಡ್ಡು ಕಟ್ಟಿ ಬೇಗ ಹತ್ತಬಹುದು, ರೂಮಿಗೂ ಬೇಗ ಬಿಡ್ತಾರೆ. ರಾಯಲ್ ಕೆರಿಬಿಯನ್‌ನಲ್ಲಿ ಹಿಂಗೇ ದುಡ್ಡು ಕಟ್ಟಿ ತಗೊಳ್ಳೋ ದಿ ಕೀ ಅಂತ ಒಂದಿದೆ. ಇನ್ನು ನಿಜವಾಗ್ಲೂ ನಡೆಯೋಕಾಗದ ದೊಡ್ಡೋರಿದ್ರೆ ಟರ್ಮಿನಲ್‌ನಲ್ಲಿ ವೀಲ್‌ಚೇರ್ ಸಹಾಯ ಕೇಳಿ, ಅದಕ್ಕೆ ಸೂಟ್ ಬೇಕಾಗಿಲ್ಲ. ಮಂಡಿ ಗಟ್ಟಿ ಇರೋರು ದಯವಿಟ್ಟು ಕೇಳ್ಬೇಡಿ, ಏರ್‌ಪೋರ್ಟಲ್ಲಿ ನಮ್ಮೋರು ಮಾಡೋದು ನೋಡಿದೀನಿ ನಾನು.

ಈ ಡಿಸೆಂಬರ್‌ಗೆ ಎರಡು ಬಾಲ್ಕನಿ ರೂಮು, ಪಕ್ಕಪಕ್ಕ, ಬುಕ್ ಆಗಿದೆ. ಈ ಸಲ ಸ್ವೀಟ್ ಇಲ್ಲ ಅಂದೆ, ಅಪ್ಪ ನಿಟ್ಟುಸಿರು ಬಿಟ್ರು, ಯಾವ ಅರ್ಥದಲ್ಲೋ. ಅಮ್ಮಂಗೆ ಬೇಜಾರೇನಿಲ್ಲ. ಆ ಕೆಟಲ್ ನಮ್ಮನೆ ಅಡುಗೆಕಟ್ಟೆ ಮೇಲೇ ಇದೆ, ಕೆಂಪು ಚೀಟಿ ಸಮೇತ. ಕೀಳೋಕೆ ಬಿಡ್ತಿಲ್ಲ ಅವ್ರು. ಮನೆಗೆ ಯಾರೇ ಬರ್ಲಿ, ಕಾಫಿಗೆ ನೀರಿಡ್ತಾ ಅದನ್ನೇ ತೋರಿಸ್ತಾರೆ, "ನೋಡಿ, ಇದನ್ನ ಹಡಗಲ್ಲಿ ಏಳು ದಿನ ಜೈಲಿಗೆ ಹಾಕಿದ್ರು."