ಹೇಳದೆ ಕೇಳದೆ ಆರುವ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ.

ಮನೆಯ ಕಂಪ್ಯೂಟರನ್ನು ಆರಿಸುವಾಗ ನಾವು ಅದರ ಅಪ್ಪಣೆ ಪಡೆಯುತ್ತೇವೆ. ಶಟ್ ಡೌನ್ ಒತ್ತಿ ಪರದೆ ಕಪ್ಪಾಗುವವರೆಗೆ ಕಾಯುತ್ತೇವೆ. ಕಾರ್ಖಾನೆಯಲ್ಲಿ ಆ ಮರ್ಯಾದೆಯೆಲ್ಲ ಇಲ್ಲ. ಊಟದ ಗಂಟೆಯಾದರೆ ಮೇನ್ ಸ್ವಿಚ್ ಕೆಳಗಿಳಿಯುತ್ತದೆ; ಯಂತ್ರದ ಜೊತೆಗೆ ಅದರ ಪೆಟ್ಟಿಗೆಯೊಳಗೆ ಕುಳಿತ ಪುಟ್ಟ ಕಂಪ್ಯೂಟರೂ ಆರಿಹೋಗುತ್ತದೆ. ಅಂಥದ್ದಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಿಸ್ಟಮ್, ಹಾಕಿಕೊಡುವುದು ನನ್ನ ಕಸುಬು.

ಪೀಣ್ಯದ ಒಂದು ಲೇತ್ ಶಾಪಿಗೆ, ದಿನಕ್ಕೆ ಎಷ್ಟು ಬಿಡಿಭಾಗ ತಯಾರಾದವು ಎಂದು ಎಣಿಸಿ ಬರೆದಿಡಲು ನಾನು ಆಯ್ದುಕೊಂಡದ್ದು ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡನ್ನು. 2013ರಲ್ಲಿ ಬಂದದ್ದು, ಅಂಗೈಯಗಲ. 512 ಎಂಬಿ ಮೆಮೊರಿ, ಬೋರ್ಡಿಗೇ ಬೆಸೆದ 4 ಜಿಬಿಯ ಇಎಂಎಂಸಿ ಸಂಗ್ರಹ. ಈಗಿನ ಮೊಬೈಲಿನ ಮುಂದೆ ಬಡಪಾಯಿ. ಆದರೆ ಇದರ ಕೈಗಾರಿಕಾ ಆವೃತ್ತಿ ಮೈನಸ್ 40ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗಿನ ಚಳಿ, ಸೆಕೆಗೆ ಜಗ್ಗುವುದಿಲ್ಲ.

ಇದಕ್ಕೆ ಪರದೆ, ಕೀಲಿಮಣೆ ಜೋಡಿಸುವ ಗೋಜಿಗೆ ನಾವು ಹೋಗುವುದಿಲ್ಲ. ಬೋರ್ಡಿನ ಅಂಚಿನಲ್ಲಿ ಆರು ಪಿನ್ನುಗಳ ಒಂದು ಸಾಲಿದೆ. ಅಲ್ಲಿಗೆ ಸೀರಿಯಲ್ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ವೇಗವನ್ನು ಸೆಕೆಂಡಿಗೆ 115200 ಬಿಟ್ ಎಂದು ಕೊಟ್ಟರೆ ಬೋರ್ಡು ಮಾತಾಡತೊಡಗುತ್ತದೆ. ವೇಗ ತಪ್ಪಿದರೆ ಕಸದಂಥ ಅಕ್ಷರಗಳು. ಕೇಬಲ್ 3.3 ವೋಲ್ಟಿನದೇ ಆಗಿರಬೇಕು; 5 ವೋಲ್ಟಿನದನ್ನು ಚುಚ್ಚಬಾರದು.

ಇನ್ನು ಅನುಸ್ಥಾಪನೆ. ಎಸ್‌ಡಿ ಕಾರ್ಡಿನಲ್ಲಿ ಸಿಸ್ಟಮ್ ತುಂಬಿ, ಕಾರ್ಡಿನ ಬಳಿಯ ಗುಂಡಿಯನ್ನು ಒತ್ತಿ ಹಿಡಿದು ವಿದ್ಯುತ್ ಕೊಡಬೇಕು. ಆಗ ನಾಲ್ಕು ನೀಲಿ ದೀಪಗಳು ಆಚೆಯಿಂದೀಚೆಗೆ ಓಡಾಡುತ್ತವೆ. ಕಾರ್ಡಿನಲ್ಲಿದ್ದದ್ದು ಒಳಗಿನ ಸಂಗ್ರಹಕ್ಕೆ ಇಳಿಯುತ್ತಿದೆ ಎಂದರ್ಥ. ಮೊದಲ ಸಲ ನಾನು ತಾಳ್ಮೆಗೆಟ್ಟು ಅರ್ಧದಲ್ಲೇ ತಂತಿ ಕಿತ್ತೆ. ಕಾರ್ಡಿಲ್ಲದೆ ಮತ್ತೆ ಹಚ್ಚಿದಾಗ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದದ್ದು ಒಂದೇ ಅಕ್ಷರ: ಸಿ, ಸಿ, ಸಿ, ಸಿ. ಬೋರ್ಡು ಸತ್ತಿತೆಂದೇ ತಿಳಿದೆ. ಅದು ಸತ್ತಿರಲಿಲ್ಲ, ಹಸಿದಿತ್ತು. ಚಿಪ್ಪಿನೊಳಗೆ ಅಳಿಸಲಾಗದಂತೆ ಬರೆದ ಒಂದು ಸಣ್ಣ ಪ್ರೋಗ್ರಾಮಿದೆ. ಎಲ್ಲಿಯೂ ಸಿಸ್ಟಮ್ ಸಿಗದಿದ್ದಾಗ ಸೀರಿಯಲ್ ತಂತಿಯ ಮೂಲಕವಾದರೂ ಏನಾದರೂ ಕೊಡಿ ಎಂದು ಅದು ಕೇಳುವ ಬಗೆಯೇ ಆ ‘ಸಿ’. ಗುಂಡಿ ಒತ್ತಿ ಮತ್ತೆ ಕಾರ್ಡಿನಿಂದ ಉಣಿಸಿದೆ. ಬೋರ್ಡು ಎದ್ದಿತು.

ಇಷ್ಟಾದರೆ ಕೆಲಸ ಮುಗಿಯಿತೆಂದು ಹೊಸಬರು ಪೆಟ್ಟಿಗೆ ಮುಚ್ಚುತ್ತಾರೆ. ನಿಜವಾದ ಕೆಲಸ ಆಮೇಲಿನದು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತ ಅರ್ಧಂಬರ್ಧವಾಗುತ್ತದೆ; ಆ ಕಡತ ಸಿಸ್ಟಮ್ಮಿನದೇ ಆಗಿದ್ದರೆ ಬೋರ್ಡು ಏಳದೆಯೂ ಇರಬಹುದು. ಆದ್ದರಿಂದ ನಾನು ಸಿಸ್ಟಮ್ ಇರುವ ವಿಭಾಗವನ್ನು ಓದಲು ಮಾತ್ರ ಬಿಡುತ್ತೇನೆ, ಬರೆಯಲು ಬಿಡುವುದಿಲ್ಲ. ಸಿಸ್ಟಮ್ ತನ್ನ ಆಗುಹೋಗುಗಳನ್ನು ಬರೆದುಕೊಳ್ಳುವ ಲಾಗ್‌ಗಳು ಮೆಮೊರಿಯಲ್ಲೇ ಹುಟ್ಟಿ ಅಲ್ಲೇ ಅಳಿಯುತ್ತವೆ. ಇದರಿಂದ ಇಎಂಎಂಸಿಯ ಸವೆತವೂ ತಗ್ಗುತ್ತದೆ. ಎಣಿಕೆಯ ಲೆಕ್ಕಕ್ಕೆ ಮಾತ್ರ ಬೇರೆಯದೇ ಒಂದು ಪುಟ್ಟ ವಿಭಾಗ. ಕೆಟ್ಟರೆ ಅದೊಂದೇ ಕೆಡಲಿ. ಪ್ರೋಗ್ರಾಮು ಎಲ್ಲೋ ಸಿಕ್ಕಿಬಿದ್ದು ಮೌನವಾದರೆ ಬೋರ್ಡನ್ನು ತಾನಾಗಿ ಮರುಚಾಲನೆ ಮಾಡುವ ವಾಚ್‌ಡಾಗನ್ನೂ ಚಾಲೂ ಮಾಡುತ್ತೇನೆ.

ಗಡಿಯಾರದ್ದು ಇನ್ನೊಂದು ತಲೆನೋವು. ಈ ಬೋರ್ಡಿನಲ್ಲಿ ಗಡಿಯಾರಕ್ಕೆ ಬ್ಯಾಟರಿಯಿಲ್ಲ, ಆ ಶಾಪಿನಲ್ಲಿ ಇಂಟರ್‌ನೆಟ್ಟೂ ಇರಲಿಲ್ಲ. ಮೊದಲ ವಾರದ ಉತ್ಪಾದನೆಯೆಲ್ಲ 1970ರ ಜನವರಿ 1ರ ಬೆಳಗಿನ ಐದೂವರೆಯ ನಂತರ ನಡೆದಂತೆ ದಾಖಲಾಗಿತ್ತು. ಲಿನಕ್ಸ್ ಸೇರಿದಂತೆ ಯುನಿಕ್ಸ್ ಎಂಬ ಹಳೆಯ ಸಿಸ್ಟಮ್ಮಿನ ಸಂತತಿಯ ಕಾಲಗಣನೆ ಗ್ರೀನ್‌ವಿಚ್ಚಿನಲ್ಲಿ ಆ ದಿನ ನಡುರಾತ್ರಿ ಶುರುವಾಗುತ್ತದೆ, ನಮ್ಮಲ್ಲಿ ಆಗ ಐದೂವರೆ. ಮಾಲೀಕರು ಹಾಳೆ ನೋಡಿ, ‘ಆಗ ನಾನಿನ್ನೂ ಹುಟ್ಟಿರಲಿಲ್ಲವಲ್ಲ’ ಎಂದರು. ಗುಂಡು ಬ್ಯಾಟರಿಯಿರುವ ಡಿಎಸ್3231 ಗಡಿಯಾರದ ಚಿಪ್ಪನ್ನು ಜೋಡಿಸಿ ಕಾಲವನ್ನು ಸರಿಪಡಿಸಿದೆ.

ಒಪ್ಪಿಸುವ ಮುನ್ನ ಮೇಜಿನ ಮೇಲೆ ಬೋರ್ಡಿಟ್ಟು ಒಂದು ಮಧ್ಯಾಹ್ನವಿಡೀ ಪ್ಲಗ್ ಕಿತ್ತು ಸಿಕ್ಕಿಸುತ್ತ ಕುಳಿತೆ. ಏಳುವಾಗ ಕಿತ್ತೆ, ಲೆಕ್ಕ ಬರೆಯುವಾಗ ಕಿತ್ತೆ. ಹಾದುಹೋದವರು ನನಗೆ ತಲೆಕೆಟ್ಟಿತೆಂದುಕೊಂಡಿರಬೇಕು.

ಶಾಪಿನಲ್ಲಿ ಅಳವಡಿಸಿದ ದಿನ ಒಂದು ಗಂಟೆಗೆ ಸರಿಯಾಗಿ ಸ್ವಿಚ್ ಇಳಿಯಿತು, ಎಲ್ಲರೂ ಡಬ್ಬಿ ಹಿಡಿದು ಹೊರಟರು. ನಾನು ಹೋಗಲಿಲ್ಲ. ಅರ್ಧ ಗಂಟೆಯ ಮೇಲೆ ಯಾರೋ ಬಂದು ಸ್ವಿಚ್ ಎತ್ತಿದರು. ಪೆಟ್ಟಿಗೆಯ ಸಂದಿನಲ್ಲಿ ಇಣುಕಿದೆ. ಸ್ವಲ್ಪ ಹೊತ್ತು ಕತ್ತಲೆ. ಆಮೇಲೆ ಮೊದಲ ನೀಲಿ ದೀಪ ಎದೆಬಡಿತದಂತೆ ಎರಡೆರಡು ಸಲ ಮಿಣುಕತೊಡಗಿತು. ಆಗ ನಾನೂ ಊಟಕ್ಕೆ ಹೋದೆ.